ಮೂರನೆಯ ಕೂಗು

ಇದು ನಡೆದ ಸಂಗತಿ. ಸುಳ್ಳೆನಿಸಿದರೆ ಯಲಬುರ್ಗಾದ ಬಸ್ಸು ಹತ್ತಿ ಬಂದು ಯಂಕೇಶನನ್ನೇ ಕೇಳಿ. ಆದರೆ ಬೆನ್ನ ಹಿಂದಿನಿಂದ ಅವನನ್ನು ಕೂಗಬೇಡಿ. ಎದುರಿಗೆ ನಿಂತೇ ಕೇಳಿ.

ಯಂಕೇಶ ಮುರ್ತುಜಾಸಾಬರ ಟ್ರ್ಯಾಕ್ಟರ್ ಬಾಡಿಗೆ ಅಂಗಡಿಯ ಡ್ರೈವರ್. ಊರಿನ ಅರ್ಧ ಜನರ ದನಿ ಅವನ ಗಂಟಲಲ್ಲಿ ಬಾಡಿಗೆಗಿತ್ತು, ಯಾರಂತೆ ಬೇಕಾದರೂ ಮಾತಾಡಿ ತೋರಿಸುತ್ತಿದ್ದ. ಅದೇ ಅಂಗಡಿಯಲ್ಲಿ ಮುಬಾಶಿರಾ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಈ ಸಲದ ಮಿರಗಾ ಮಳೆಯ ಬಿತ್ತನೆಗೆ ಸಾಬರು ಒಂದು ಏಐ ಏಜೆಂಟ್ ಹಾಕಿಸಿದ್ದರು. ಯಾರ ಹೊಲಕ್ಕೆ ಬಿತ್ತುವ ಕೂರಿಗೆ ಯಾವಾಗ ಬರುತ್ತದೆಂದು ಅದೇ ಫೋನ್ ಮಾಡಿ ತಿಳಿಸಬೇಕು.

"ಏಜೆಂಟ್ ಅಂದ್ರ ನಮ್ಮ ಮಂದಿ ಫೋನ ಎತ್ತಂಗಿಲ್ರಿ ಅಕ್ಕಾರ. ವಿಮಾದಾಂವ ಅಂದ್ಕೋತಾರ," ಎಂದು ಯಂಕೇಶ ನಕ್ಕಿದ್ದ.

ಮುಬಾಶಿರಾಗೆ ನಗು ಬಂದಿರಲಿಲ್ಲ. ಆ ಏಜೆಂಟಿಗೆ ಊರೂ ಗೊತ್ತಿಲ್ಲ, ಮಂದಿಯೂ ಗೊತ್ತಿಲ್ಲ. ಕರೆ ಮಾಡುವ ಟೂಲ್ ಯಾವುದು, ದನಿ ಹಾಕುವ ಟೂಲ್ ಯಾವುದು, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ಅವಳು ಬರೆದಿಟ್ಟ ನಾಲ್ಕಾರು ಸಾಲುಗಳೇ ಅದರ ಪ್ರಪಂಚ. ಬರೆದದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಬರೆಯದೆ ಬಿಟ್ಟದ್ದನ್ನು ತನ್ನಷ್ಟಕ್ಕೆ ಊಹಿಸಿಕೊಳ್ಳುತ್ತಿತ್ತು. ಕರೆಯ ಟೂಲಿಗೆ ಅವಳು ಬರೆದದ್ದು ಹೀಗೆ: 'ರೈತರ ಹೆಸರು ಹೇಳು. ಉತ್ತರ ಬಾರದಿದ್ದರೆ ಕರೆ ಮುಗಿಸು, ಸರದಿಯನ್ನು ಮುಂದಿನವರಿಗೆ ಕೊಡು.'

ಆ ಸಾಲಿನಿಂದಲೇ, ಹೊಲದ ಗುಡಿಸಲಿನಲ್ಲಿ ಒಬ್ಬಳೇ ಇರುವ ಕರಿಯವ್ವನ ಸರದಿ ಮತ್ತೆ ಮತ್ತೆ ತಪ್ಪಿತು. ಮುದುಕಿ ಸೀದಾ ಅಂಗಡಿಗೇ ಬಂದು ನಿಂತಳು.

"ನಾ ಫೋನ ಎತ್ತೇನಿ ತಂಗಿ, ಕಿವಿಗೂ ಹಿಡದೇನಿ!"

"ಮತ್ತ ಯಾಕ ಮಾತಾಡಲಿಲ್ಲ ಆಯಿ?"

"ಮುಖಾ ಕಾಣದ ದನಿ ಒಂದ ಸಲ ಕೂಗಿದ್ರ ಓ ಅಂತಾರೇನ? ದೆವ್ವ ಆದ್ರ ಎರಡ ಸಲ ಕೂಗಿ ಹೊಳ್ಳಿ ಹೋಗ್ತೈತಿ. ಮನಷ್ಯಾ ಆದ್ರ ಮೂರನೇದ್ದ ಕೂಗ್ತಾನ. ನಿಮ್ಮವ್ವ ಇಷ್ಟೂ ಹೇಳಿಕೊಟ್ಟಿಲ್ಲೇನ?"

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮುರ್ತುಜಾಸಾಬರು ಕನ್ನಡಕ ಕೆಳಗಿಳಿಸಿದರು. "ನೋಡ ಬೇಟಿ, ಭೂಮಿ ಹದ ಆರಾಕ ಹತ್ತೈತಿ. ಇನ್ನೊಂದ ಸಲ ಈಕಿ ಸರದಿ ತಪ್ಪಿದ್ರ ಆ ಡಬ್ಬಿನೂ ಬಂದ್, ನಿನ್ನ ನೌಕರಿನೂ ಬಂದ್."

ಮುಬಾಶಿರಾ ಆಗಲೇ ಸಾಲು ತಿದ್ದಿದಳು. 'ಉತ್ತರ ಬಾರದಿದ್ದರೆ ಮೂರು ಸಲ ಹೆಸರು ಹಿಡಿದು ಕೂಗು. ಕೇಳುವವರಿಗೆ ಪರಿಚಯದ ದನಿಯಲ್ಲಿ ಕೂಗು.' ಪರಿಚಯದ ದನಿ ಎಂದರೆ ಯಂಕೇಶನದು ಎಂದು ಅವಳ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಬರಹದಲ್ಲಿರಲಿಲ್ಲ.

ಯಂಕೇಶ ಮೈಕಿನ ಮುಂದೆ ಕುಳಿತು ತನ್ನ ದನಿ ಕೊಟ್ಟ. ನಾಲ್ಕು ಮಾತು ಕೇಳಿಸಿದರೆ ಸಾಕು, ಆ ಟೂಲ್ ಅದೇ ದನಿಯಲ್ಲಿ ಏನನ್ನು ಬೇಕಾದರೂ ಹೇಳುತ್ತಿತ್ತು. ಮುಬಾಶಿರಾ ಚಹಾಕ್ಕೆ ಹೋದಾಗ ಅವನ ಕೈ ಸುಮ್ಮನಿರಲಿಲ್ಲ, ಗಂಟಲೂ ಸುಮ್ಮನಿರಲಿಲ್ಲ. ಕರಿಯವ್ವನ ಗಂಡ ಮುದುಕಪ್ಪ ಹಿಂದೆ ಇದೇ ಅಂಗಡಿಯ ಡ್ರೈವರ್ ಆಗಿದ್ದವನು. ಹೋದ ವರ್ಷ ತೀರಿಕೊಂಡಿದ್ದ. ಆತನ ಒಡಕು ದನಿಯಲ್ಲಿ ನಾಲ್ಕು ಮಾತಾಡಿ, 'ಮುದುಕಪ್ಪ, ಕರಿಯವ್ವನ ಗಂಡ' ಎಂದು ಹೆಸರು ಹಚ್ಚಿ ಒಳಗೆ ಸೇರಿಸಿಬಿಟ್ಟ. ಮುದುಕಿ ಬೆಚ್ಚಿಬಿದ್ದಾದರೂ ಓ ಅನ್ನಲಿ ಎಂಬುದು ಅವನ ತಮಾಷೆ.

ಮರುದಿನ ಮಟಮಟ ಮಧ್ಯಾಹ್ನ. ರಸ್ತೆಯ ಮೇಲೆ ನಾಯಿಯೂ ಇರಲಿಲ್ಲ. ಏಜೆಂಟ್ ಕರಿಯವ್ವನಿಗೆ ಕರೆ ಹಚ್ಚಿತು. ಮುಬಾಶಿರಾ ಸ್ಪೀಕರ್ ಜೋರು ಮಾಡಿದಳು. ಆ ಕಡೆ ಫೋನ್ ಎತ್ತಿದ ಸದ್ದು, ಗಾಳಿಯ ಸದ್ದು.

"ಕರಿಯವ್ವಾ..."

ಮುರ್ತುಜಾಸಾಬರು ಚಹಾ ಬದಿಗಿಟ್ಟು ಎದ್ದರು. "ಯಾ ಅಲ್ಲಾ. ಇದು ನಮ್ಮ ಮುದುಕಪ್ಪನ ದನಿ."

"ಕರಿಯವ್ವಾ..."

ಆ ಕಡೆ ಉಸಿರು ಮಾತ್ರ. ಮುಬಾಶಿರಾ ಕೀಲಿಗಳನ್ನು ಬಡಿದಳು. ನಡುವೆ ನಿಲ್ಲಿಸುವುದು ಹೇಗೆಂದು ಅವಳು ಎಲ್ಲಿಯೂ ಬರೆದಿರಲಿಲ್ಲ. ಯಂಕೇಶ ಸ್ಪೀಕರಿನಿಂದ ಹಿಂದಕ್ಕೆ ಸರಿದ. ತನ್ನದೇ ಗಂಟಲಿನಿಂದ ಹೊರಟ ದನಿ ಈಗ ತನ್ನದಾಗಿರಲಿಲ್ಲ.

"ಕರಿಯವ್ವಾ..."

"ಓ," ಎಂದಿತು ಮುದುಕಿಯ ದನಿ, ಮೆಲ್ಲಗೆ. "ಬಂದ್ನಿ, ನಿಂದ್ರು."

ಕರೆ ಕಡಿದುಹೋಯಿತು. ಪರದೆಯ ಮೇಲೆ 'ಉತ್ತರ ಬಂದಿದೆ, ಸರದಿ ಖಾತ್ರಿ' ಎಂದು ಮೂಡಿತು.

"ಎಲ್ಲಿಗೆ ಬರ್ತಾಳಂತ ಆಕಿ?" ಎಂದರು ಸಾಬರು. ಆಕೆಯ ಹೊಲದಲ್ಲಿ ಕಟ್ಟೆಯಿಲ್ಲದ ಬಾವಿಯಿರುವುದು ಮೂವರಿಗೂ ನೆನಪಾಗಿತ್ತು.

ಯಂಕೇಶ ಬೈಕ್ ಓಡಿಸುತ್ತಲೇ ಎಲ್ಲವನ್ನೂ ಹೇಳಿಬಿಟ್ಟ. ಹಿಂದೆ ಕುಳಿತ ಮುಬಾಶಿರಾ ಬೈಯಲೂ ಇಲ್ಲ. ನೌಕರಿಯ ಮಾತು ಹಾಗಿರಲಿ, ತಾನು ಬರೆದ ಒಂದು ಸಾಲು ಮುದುಕಿಯನ್ನು ಎಲ್ಲಿಗೆ ಕರೆದೊಯ್ದಿತೋ ಎಂಬ ಭಯವೇ ಅವಳನ್ನು ಹಿಡಿದಿತ್ತು.

ಹೊಲದಲ್ಲಿ ಯಾರೂ ಇರಲಿಲ್ಲ. ಎರೆಮಣ್ಣಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಗುಡಿಸಲ ಬಾಗಿಲು ತೆರೆದಿತ್ತು. ಬಾವಿಯ ಅಂಚಿನಲ್ಲಿ ಕರಿಯವ್ವನ ಫೋನ್, ಪಕ್ಕದಲ್ಲಿ ಒಂದು ಜೋಡಿ ಚಪ್ಪಲಿ. ಮುಬಾಶಿರಾ ಬಗ್ಗಿ ನೋಡಿದಳು. ನೀರು ಅಲುಗದೆ ಕಪ್ಪಗಿತ್ತು.

"ಯಂಕ್ಯಾ..."

ಮುದುಕಪ್ಪನ ದನಿ. ಫೋನಿನಿಂದಲ್ಲ, ಬಯಲಿನಿಂದ. ಯಂಕೇಶನಿಗೆ ಡ್ರೈವಿಂಗ್ ಕಲಿಸುವಾಗ ಆತ ಕೂಗುತ್ತಿದ್ದುದೂ ಹಾಗೆಯೇ.

"ಯಂಕ್ಯಾ..."

ಯಂಕೇಶ ಮುಬಾಶಿರಾಳ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಓ ಅನಬ್ಯಾಡ್ರಿ ಅಕ್ಕಾರ," ಎಂದು ಪಿಸುಗುಟ್ಟಿದ. ಗಾಳಿ ನಿಂತಿತ್ತು. ಎಷ್ಟೋ ಹೊತ್ತಾದ ಮೇಲೆ, ತೀರಾ ಹತ್ತಿರದಲ್ಲಿ, ಮೂರನೆಯದು:

"ಯಂಕ್ಯಾ..."

"ಓಽ! ತಪ್ಪಾತೋ ಯಪ್ಪಾ!" ಯಂಕೇಶ ಮಣ್ಣಿಗೆ ಬಿದ್ದ.

ಕಣಕಿ ಮೇವಿನ ಬಣವೆಯ ಹಿಂದಿನಿಂದ ಕರಿಯವ್ವ ಬರಿಗಾಲಲ್ಲಿ ಬಂದಳು, ಸೆರಗು ಬಾಯಿಗೊತ್ತಿಕೊಂಡು. "ಯಾಕೋ, ಅಂವನ ದನಿ ತಗ್ಯಾಕ ನಿನಗಷ್ಟ ಬರ್ತೈತೇನು? ನಿನ್ನ ಆಟ ನಿನಗ ಅಂಜಿಕಿ ಆತೇನು? ಲಗ್ನ ಆದಾಗಿಂದ ಸಾಯೂತನಕ ನನ್ನ ಗಂಡ ನನ್ನ ಹೆಸರ ಹಿಡದಿಲ್ಲೋ, ಮಂಗ್ಯಾ! 'ಏ ಇಕಾ' ಅಂತಿದ್ದ. ಮೊದಲನೇ ಕೂಗಿಗೇ ಇದು ನಿನ್ನ ಕಾರಭಾರ ಅಂತ ತಿಳೀತು. ಅದಕ್ಕ ಚಪ್ಪಲಿ ಬಾವಿ ದಂಡಿಗಿಟ್ಟ ಅಡಗಿ ಕುಂತ್ನಿ."

ಮುಬಾಶಿರಾ ಬಾವಿಯ ಪಕ್ಕದಲ್ಲೇ ಕುಸಿದು ಕುಳಿತು, ತನ್ನ ಫೋನ್ ತೆಗೆದು ಸಾಲು ತಿದ್ದಿದಳು. 'ಮೊದಲು ನೀನು ಯಾರೆಂದು ಹೇಳು: ಮುರ್ತುಜಾಸಾಬರ ಅಂಗಡಿಯ ಯಂತ್ರ. ತೀರಿಕೊಂಡವರ ದನಿ ಎಂದಿಗೂ ಹಾಕಬೇಡ. ಮೂರು ಸಲ ಕೂಗಿ, ಉಸಿರು ಕೇಳಿಸುತ್ತಿದ್ದರೆ ಕಾಯುತ್ತಿರು. ನಿಲ್ಲಿಸೆಂದರೆ ಆ ಕ್ಷಣ ನಿಲ್ಲಿಸು.' ಓದಿ ಹೇಳಿದಳು.

"ಈಗ ಮನಷ್ಯಾರ ಗತೆ ಆತು ನೋಡು," ಎಂದಳು ಕರಿಯವ್ವ. "ಸಾಬಗ ನಾ ಹೇಳ್ತೀನಿ, ಡಬ್ಬಿನೂ ಇರಲಿ, ಈ ಹುಡುಗಿನೂ ಇರಲಿ ಅಂತ. ಕೂರಿಗಿ ಎಲ್ಲಿ?"

"ಬರ್ತೈತಿ ಆಯಿ," ಎಂದ ಯಂಕೇಶ ಮಣ್ಣು ಕೊಡವುತ್ತ. "ಆದ್ರ ಆ ಮೂರನೇ ಕೂಗ ಅಷ್ಟ ಹತ್ರ ಬಂದ ಯಾಕ ಕೂಗಿದಿ? ಜೀವಾನ ಹೋಗಿತ್ತು."

"ಮೂರನೇದ್ದಾ?" ಕರಿಯವ್ವ ಇಬ್ಬರ ಮುಖವನ್ನೂ ನೋಡಿದಳು. "ನಾ ಎರಡ ಸಲ ಅಷ್ಟ ಕೂಗಿದ್ದೋ ತಮ್ಮಾ."

ಯಂಕೇಶ ನಗಲು ಹೋದ, ಆಗಲಿಲ್ಲ. ಮುಬಾಶಿರಾ ಅರ್ಧ ನಕ್ಕು ಬಾವಿಯ ಕಡೆ ನೋಡಿದಳು. ಕರಿಯವ್ವನೊಬ್ಬಳೇ, ಹೊಟ್ಟೆ ಹಿಡಿದುಕೊಂಡು, ಎರೆಹೊಲವೆಲ್ಲ ಕೇಳುವಂತೆ ನಕ್ಕಳು.