ಅಕ್ಟೋಬರ್ ಮೂವತ್ತೊಂದರ ಸೊನ್ನೆ

ಕಣಕಟ್ಟೆಯಾಚೆಯ ಆ ಸಣ್ಣ ಊರಿನಲ್ಲಿ ಚನ್ನಬಸವಯ್ಯ ಮೇಷ್ಟ್ರೆಂದರೆ ಗಡಿಯಾರವಿದ್ದ ಹಾಗೆ. ಹತ್ತೊಂಬತ್ತು ವರ್ಷ ಬೆಳಗ್ಗೆ ಎಂಟೂವರೆಗೆ ಶಾಲೆಯಂಗಳದ ಮಳೆಮಾಪಕ ತೆರೆದು, ಒಳಗಿನ ಬಾಟಲಿಯ ನೀರನ್ನು ಅಳತೆಗಾಜಿಗೆ ಸುರಿದು, ಪುಸ್ತಕದಲ್ಲಿ ಬರೆದವರು. ಜ್ವರ ಬಂದರೂ ತಪ್ಪಿಸಿದವರಲ್ಲ. ಹಾಗಂತ ಊರು ನಂಬಿತ್ತು. ಪಾಪ, ಊರಿಗೇನು ಗೊತ್ತು!

2004ರ ಜನವರಿಯಲ್ಲಿ ಹಾಸನದಿಂದ ಶಿಲ್ಪಶ್ರೀ ಎಂಬ ಸಂಶೋಧಕಿ ಬಂದಳು. ಉಪಗ್ರಹ ಮೇಲಿನಿಂದ ಅಂದಾಜು ಮಾಡಿದ ಮಳೆಯನ್ನು ಮೇಷ್ಟ್ರ ಪುಸ್ತಕದ ಜೊತೆ ದಿನದಿನಕ್ಕೂ ತಾಳೆ ನೋಡುವುದು ಅವಳ ಕೆಲಸ. ಮಧ್ಯಾಹ್ನದ ಹೊತ್ತಿಗೆ ಖುಷಿಯಿಂದ ತಲೆಯೆತ್ತಿದಳು.

“ಎಷ್ಟು ಚೆನ್ನಾಗಿ ಬರ್ದಿದೀರಾ ಸರ್! ಒಂದೇ ದಿನ ದೊಡ್ಡ ವ್ಯತ್ಯಾಸ. 2001, ಅಕ್ಟೋಬರ್ ಮೂವತ್ತೊಂದು. ಉಪಗ್ರಹ ಐವತ್ತೆಂಟು ಮಿಲಿಮೀಟರ್ ಅನ್ನುತ್ತೆ, ನಿಮ್ಮದು ಸೊನ್ನೆ. ಅದರದ್ದೇ ತಪ್ಪು ಬಿಡಿ, ನಾವು ನಂಬೋದು ನೆಲದ ಅಳತೆನೇ.” ಕೆಂಪು ಪೆನ್ನಿನಿಂದ ತನ್ನ ಹಾಳೆಯಲ್ಲಿದ್ದ ಐವತ್ತೆಂಟನ್ನು ಹೊಡೆದುಹಾಕಲು ಹೊರಟಳು.

ಮೇಷ್ಟ್ರು ಅವಳ ಪೆನ್ನಿಗೆ ಕೈ ಅಡ್ಡ ಹಿಡಿದರು. ಅದರ ಹಿಂದಿನ ದಿನ, ಮೂವತ್ತರಂದು, ಅವರು ಮೊಮ್ಮಗಳ ಮುಡಿ ಕೊಡಿಸಲು ಮಾಲೇಕಲ್ಲಿನ ದೇವಸ್ಥಾನಕ್ಕೆ ಹೊರಟಿದ್ದರು. ಆಕಾಶ ಶುಭ್ರವಾಗಿತ್ತು. ತಿಂಗಳ ವರದಿ ಕಳಿಸಬೇಕಲ್ಲ ಎಂದು ಮರುದಿನದ ಸಾಲಿಗೂ ಮೊದಲೇ ಸೊನ್ನೆ ಬರೆದು, ಅರಸೀಕೆರೆಯಲ್ಲಿ ಅಂಚೆಗೆ ಹಾಕಿದ್ದರು. ಅದೇ ಸಂಜೆ, ಮರುದಿನ ಬೆಳಗ್ಗೆ ಅಳೆದು ಬರೆಯಬೇಕಿದ್ದ ಮಳೆ ಸುರಿದು, ಅದೇ ಊರಿನ ಗಿಡ್ಡಮ್ಮನ ಮನೆಯ ಗೋಡೆ ಅವಳ ಗಂಡ ಮರಿಯಣ್ಣನ ಕಾಲ ಮೇಲೆ ಕುಸಿಯಿತು. ಪರಿಹಾರ ಕೇಳಿದರೆ ತಾಲ್ಲೂಕು ಕಚೇರಿಯವರು ವರದಿ ನೋಡಿ, ಮಳೆಯೇ ಬಂದಿಲ್ಲ, ಹಳೇ ಗೋಡೆ ತಾನಾಗಿ ಬಿದ್ದಿದೆ ಎಂದು ಸಾಗಹಾಕಿದರು. ಗಿಡ್ಡಮ್ಮ ಮೇಷ್ಟ್ರನ್ನು ಬೈಯಲೂ ಇಲ್ಲ. “ನಿಮ್ಮ ಡಬ್ಬಕ್ಕೆ ಬೀಳ್ದಿದ್ರೆ ನೀವೇನ್ ಮಾಡೀರಿ ಮೇಷ್ಟ್ರೇ” ಅಂದಿದ್ದಳು. ಆ ಮಾತು ಅವರನ್ನು ಎರಡು ವರ್ಷದಿಂದ ತಿನ್ನುತ್ತಿತ್ತು.

“ಹೊಡೀಬೇಡಿ ಕಣಮ್ಮ, ತಪ್ಪು ನಂದು,” ಎಂದು ಎಲ್ಲವನ್ನೂ ಹೇಳಿದರು.

ಶಿಲ್ಪಶ್ರೀ ಪೆನ್ನು ಕೆಳಗಿಟ್ಟಳು. “ಹೀಗೆ ಇನ್ನೆಷ್ಟು ದಿನ ಬರ್ದಿದೀರಾ ಸರ್?”

“ಅದೊಂದೇ.”

ಅವಳು ನಂಬಲಿಲ್ಲ, ನಂಬುವುದಾದರೂ ಹೇಗೆ? ತನ್ನ ಸಂಶೋಧನೆಯ ಪಟ್ಟಿಯಲ್ಲಿದ್ದ ಆ ಊರಿನ ಹೆಸರಿನ ಮೇಲೆ ಗೀಟು ಎಳೆದಳು. ಹತ್ತೊಂಬತ್ತು ವರ್ಷದ ದುಡಿಮೆ ಒಂದು ಗೀಟಿಗೆ ಹೋಯಿತು. ಮೇಷ್ಟ್ರಿಗೆ ಅಳುವೇ ಬಂತು. ಆದರೂ ಐವತ್ತೆಂಟು ಇದ್ದ ಹಾಳೆಯನ್ನು ಕೇಳಿ ಪಡೆದು ಗಿಡ್ಡಮ್ಮನ ಮನೆಗೆ ನಡೆದರು.

ಗಿಡ್ಡಮ್ಮ ಚೀಲಕ್ಕೆ ಅವರೆಕಾಯಿ ತುಂಬುತ್ತಿದ್ದಳು. “ಬನ್ನಿ ಮೇಷ್ಟ್ರೇ, ನಿಮ್ ಮನೆಗೇ ತಕಂಡ್ ಬರೋಣ ಅಂತಿದ್ದೆ.”

“ಅವತ್ತು ಮಳೆ ಬಂದಿದ್ದನ್ನ ಉಪಗ್ರಹ ಮೇಲಿಂದ ನೋಡೈತೆ, ಇದ್ರಲ್ಲೈತೆ ಗಿಡ್ಡಮ್ಮ. ಸೊನ್ನೆ ಬರೆದದ್ದು ನನ್ನ ತಪ್ಪು. ಕಚೇರಿಗೆ ನಾನೇ ಬತ್ತೀನಿ, ಬರ್ದುಕೊಡ್ತೀನಿ.”

“ಮೇಲಿಂದಾದ್ರೂ ಯಾರೋ ನೋಡಿದ್ರಲ್ಲ ಸ್ವಾಮಿ!” ಗಿಡ್ಡಮ್ಮನ ಕಣ್ಣು ತುಂಬಿದವು.

ಜಗುಲಿಯಲ್ಲಿ ಕೋಲು ಹಿಡಿದು ಕೂತಿದ್ದ ಮರಿಯಣ್ಣ ಕೇಳಿದ: “ಸೊನ್ನೆ ತಪ್ಪು ಅಂತ ನಿಮ್ಗೆ ಯಾವತ್ತು ಗೊತ್ತಾಯ್ತು ಮೇಷ್ಟ್ರೇ?”

ಮಾಲೇಕಲ್ಲಿನಿಂದ ಬಂದ ದಿನ, ಬಾಟಲಿಯಲ್ಲಿದ್ದ ನೀರನ್ನು ಅಳೆಯದೆ ದಾಸವಾಳದ ಬುಡಕ್ಕೆ ಸುರಿದದ್ದು ಮೇಷ್ಟ್ರಿಗೆ ನೆನಪಾಯಿತು.

“ಮೂರನೇ ದಿನವೇ, ಮರಿಯಣ್ಣ.”

ಗಿಡ್ಡಮ್ಮ ಹಾಳೆಯನ್ನು ಇಸಿದುಕೊಂಡಳು. ಅವರೆಕಾಯಿ ಚೀಲವನ್ನೂ ಎತ್ತಿಕೊಂಡು ಒಳಗೆ ಹೋದಳು.