ಜೇಬಿನಲ್ಲಿದ್ದ ಎಡಗೈ

ಅಣ್ಣನ ಎಡಗೈ ಎಲ್ಲಿದೆ ಎಂದು ನೋಡಿಕೊಳ್ಳದೆ ತಮ್ಮ ಅವನ ವರ್ಕ್‌ಶಾಪಿನೊಳಗೆ ಎಂದೂ ಕಾಲಿಟ್ಟವನಲ್ಲ. ಜೇಬಿನಲ್ಲಿದ್ದರೆ ಕ್ಷೇಮ. ಹೊರಗಿದ್ದರೆ ಬಾಗಿಲ ಹತ್ತಿರವೇ ನಿಂತು ಹೇಳುವುದನ್ನು ಹೇಳಿ ಜಾಗ ಖಾಲಿ ಮಾಡುವುದು ಒಳ್ಳೆಯದು.

ಕೈ ಜೇಬಿನಲ್ಲಿರುವುದಕ್ಕೆ ಕಾರಣವಿತ್ತು. ಅಣ್ಣ ಗಿಟಾರಿಗೆ ವಾಲ್ವಿನ ಪ್ರಿಆಂಪ್ ಕಟ್ಟುವವನು. ತಂತಿಯಿಂದ ಬರುವ ಸೊಳ್ಳೆಯಂಥ ಸದ್ದನ್ನು ಗಾಜಿನ ವಾಲ್ವುಗಳೊಳಗೆ ಹಾಯಿಸಿ, ಬಿಸಿ ಮಾಡಿ, ದಪ್ಪ ಮಾಡಿ ಸ್ಪೀಕರಿನ ಕಡೆಗೆ ಕಳಿಸುವ ತಗಡಿನ ಪೆಟ್ಟಿಗೆ ಅದು. ಒಳಗೆ ಮುನ್ನೂರು ವೋಲ್ಟ್ ಓಡುತ್ತಿರುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರುಗಳ ಹೊಟ್ಟೆಯಲ್ಲಿ ಕರೆಂಟು ಉಳಿದುಕೊಂಡಿರುತ್ತದೆ. ಎರಡೂ ಕೈಯಿಂದ ಮುಟ್ಟಿದರೆ ಒಂದು ಕೈಯಲ್ಲಿ ಹತ್ತಿ ಇನ್ನೊಂದು ಕೈಯಲ್ಲಿ ಇಳಿಯುತ್ತದೆ, ನಡುದಾರಿಯಲ್ಲಿ ಹೃದಯ ಸಿಗುತ್ತದೆ. ಅದಕ್ಕೇ ಈ ಕಸುಬಿನವರು ಬಿಚ್ಚಿದ ಪೆಟ್ಟಿಗೆಯೊಳಗೆ ಬಲಗೈಯೊಂದನ್ನೇ ಹಾಕುತ್ತಾರೆ, ಎಡಗೈಯನ್ನು ಜೇಬಿನಲ್ಲಿ ಬಚ್ಚಿಡುತ್ತಾರೆ. ಅಣ್ಣ ಈ ನಿಯಮವನ್ನು ತಪ್ಪಿದವನಲ್ಲ. ಆ ಕೈ ಹೊರಗೆ ಬರುತ್ತಿದ್ದದ್ದು ಬಹುಮಟ್ಟಿಗೆ ತಮ್ಮನಿಗೆ ಬಾರಿಸಲಿಕ್ಕೆ. ಅಣ್ಣ ಎಡಚ, ಕೆಲಸಕ್ಕೆ ಮಾತ್ರ ಬಲಗೈ ಪಳಗಿಸಿಕೊಂಡವನು. ಎಡಚನ ಏಟು ಎದುರಿನವನ ಬಲಗಿವಿಗೆ ಬೀಳುತ್ತದೆ, ಮತ್ತು ತಮ್ಮನ ಬಲಗಿವಿ ಚಿಕ್ಕಂದಿನಿಂದಲೂ ಸಣ್ಣಗೆ ಸಿಳ್ಳೆ ಹಾಕುತ್ತಲೇ ಇದೆ.

ಹಾಗೆಂದು ಅಣ್ಣ ಕಟುಕನಲ್ಲ. ಅಪ್ಪ ಅಮ್ಮ ಹೋದಮೇಲೆ ತಮ್ಮನನ್ನು ಸಾಕಿದವನು, ಹೊಟ್ಟೆಗೆ ಹಾಕಿದವನು, ಕೈಗೆ ಗಿಟಾರ್ ಕೊಟ್ಟವನು ಅವನೇ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಿಕ್ಕೆ ಇಷ್ಟು ಸಾಕಾಗಿತ್ತು. ಹೊಡೆಸಿಕೊಳ್ಳುವವನ ಬಾಯಿಗೂ.

ವರ್ಷದ ಹಿಂದೆ ಒಂದು ಕಾರ್ಯಕ್ರಮದ ನಡುವೆ ಅಣ್ಣನ ಪ್ರಿಆಂಪ್ ಚಟಪಟ ಅಂದು ಕೈಕೊಟ್ಟಿತು. ತಪ್ಪು ಪೆಟ್ಟಿಗೆಯದಲ್ಲ, ತಮ್ಮನ ಕೇಬಲ್ಲಿನದೇ ಎಂದು ತೀರ್ಮಾನಿಸಿದ ಅಣ್ಣ ವ್ಯಾನಿನ ಬಾಗಿಲಿಗೆ ಅವನ ತಲೆಯನ್ನು ಜಪ್ಪಿದ. ಮುಂದಿನ ಕಾರ್ಯಕ್ರಮಕ್ಕೆ ಮೊದಲೇ ತಮ್ಮ ಗುಟ್ಟಾಗಿ ಒಂದು ಮಾಡೆಲರ್ ಕೊಂಡ. ಊಟದ ಡಬ್ಬಿಯಷ್ಟು ದೊಡ್ಡದು, ಒಳಗೆ ವಾಲ್ವಿಲ್ಲ, ಬರೀ ಲೆಕ್ಕ. ಬೇರೆ ಪ್ರಿಆಂಪಿಗೆ ಅದನ್ನು ಜೋಡಿಸಿದರೆ ಕುಂಯ್, ಟರ್ರ್ ಎಂದು ವಿಚಿತ್ರ ಸದ್ದುಗಳನ್ನು ಅದರೊಳಗೆ ಕಳಿಸಿ, ಏನಾಗಿ ಮರಳಿ ಬರುತ್ತದೆಂದು ಕೇಳಿ, ಆ ಪ್ರಿಆಂಪಿನ ದನಿಯನ್ನೇ ಕಲಿತುಬಿಡುತ್ತದೆ. ಅಣ್ಣ ಹೊಸ ವಾಲ್ವು ಕೂರಿಸಿ, ಸದ್ದು ಜೇನಿನ ಹಾಗಿದೆ ಎಂದು ಬೀಗುತ್ತಿದ್ದ ವಾರವೇ, ಅವನು ಅತ್ತಿಗೆಯ ತವರಿಗೆ ಹೋಗಿದ್ದಾಗ, ತಮ್ಮ ಡಬ್ಬಿಗೆ ಆ ಪಾಠ ಮಾಡಿಸಿದ.

ಅಲ್ಲಿಂದಾಚೆಗೆ ವೇದಿಕೆಯ ಮೇಲೆ ಪ್ರಿಆಂಪ್ ಕೆಂಪಗೆ ಬೆಳಗುತ್ತ ಶೋಭೆಗೆ ಕೂತಿರುತ್ತಿತ್ತು. ಕೇಬಲ್ ಮಾತ್ರ ಪರದೆಯ ಹಿಂದಿನ ಡಬ್ಬಿಗೆ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಅಣ್ಣ ಪಕ್ಕದವರ ಪಕ್ಕೆ ತಿವಿದು ಹೇಳುತ್ತಿದ್ದ: “ಕೇಳಿದ್ರಾ? ಇದು ವಾಲ್ವು! ಆ ಡಬ್ಬಿಗಳು ಸತ್ತು ಹುಟ್ಟಿ ಬಂದ್ರೂ ಈ ಸದ್ದು ಬರಲ್ಲ.” ಮನೆಗೆ ಬಂದಮೇಲೆ ತಮ್ಮನಿಗೆ ಹೇಳುತ್ತಿದ್ದದ್ದು ಬೇರೆ: “ನೀನೇನಾದ್ರೂ ಡಬ್ಬಿ ಮುಟ್ಟಿದೆ ಅಂತ ಗೊತ್ತಾದ್ರೆ ಬೆರಳು ಜಜ್ಜಿ ಹಾಕ್ತೀನಿ. ಆಮೇಲೆ ಹೊಟ್ಟೆಪಾಡಿಗೆ ಏನ್ ಬಾರಿಸ್ತೀಯೋ ಬಾರಿಸ್ಕೋ.”

ಅಣ್ಣ ಬೆದರಿಕೆ ಹಾಕಿ ಮರೆತುಬಿಡುವ ಜಾತಿಯವನಲ್ಲ. ತಮ್ಮನಿಗೆ ಇದ್ದ ಆಸ್ತಿ ಎಂದರೆ ತಂತಿ ಒತ್ತುವ ತನ್ನ ಎಡಗೈಯ ಬೆರಳುಗಳು. ಅವುಗಳನ್ನು ಕಾಪಾಡಿಕೊಳ್ಳಲಿಕ್ಕೆ ವರ್ಷವಿಡೀ ಸುಳ್ಳನ್ನು ಮಗುವಿನಂತೆ ಸಾಕಿದ.

ಅಷ್ಟರಲ್ಲಿ ಸ್ಟುಡಿಯೋದಾಕೆ ಬಂದಳು. ರೆಕಾರ್ಡಿಂಗ್ ಸ್ಟುಡಿಯೋ ನಡೆಸುವವಳು, ಒಂದು ಕಾರ್ಯಕ್ರಮದಲ್ಲಿ ತಮ್ಮ ನುಡಿಸಿದ್ದನ್ನು ಕೇಳಿದ್ದಳು, ಒಂದು ಆಲ್ಬಮ್ಮಿಗೆ ಗಿಟಾರ್ ಬೇಕಾಗಿತ್ತು. ವಾಲ್ವಿನಲ್ಲಿ ನುಡಿಸಬೇಕೋ ಮಾಡೆಲರಿನಲ್ಲೋ ಎಂದು ಹೋಲಿಸಿ ನೋಡಬೇಕು ಎಂದಳು. ಅಣ್ಣನ ಪಿತ್ತ ನೆತ್ತಿಗೇರಿತು, ಆದರೆ ಹೊರಗಿನವಳ ಮುಂದೆ ನಕ್ಕ. “ತರಿಸೋಣ ಬಿಡಿ ಮೇಡಂ. ಲೇ, ಎಲ್ಲಿಂದಾದ್ರೂ ಒಂದು ಡಬ್ಬಿ ಬಾಡಿಗೆಗೆ ತಗೊಂಡು ಬಾ.” ತಮ್ಮ ಬೀದಿ ಸುತ್ತಿ ಬಂದು, ತನ್ನದೇ ಡಬ್ಬಿಯನ್ನು ಬಾಡಿಗೆಯದೆಂದು ಮೇಜಿನ ಮೇಲಿಟ್ಟ.

ಮಧ್ಯಾಹ್ನದ ಬಿಸಿಲು ಕಿಟಕಿಯ ಜಾಲರಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಬೆಸುಗೆಯ ಸೀಸದ ಹೊಗೆಯ ವಾಸನೆ. ಮೇಜಿನ ತುದಿಗೆ ಬೋಲ್ಟ್ ಹಾಕಿ ಕೂರಿಸಿದ, ಹಿಡಿಕೆ ತಿರುಗಿಸಿ ತಗಡು ಬಿಗಿಯುವ ವೈಸ್, ಬಾಯಿ ತೆರೆದ ಅದರ ಕಬ್ಬಿಣದ ದವಡೆ. ಒಳಗಿನ ವೈರಿಂಗಿನ ಅಂದ ತೋರಿಸಲೆಂದು ಅಣ್ಣ ಪ್ರಿಆಂಪಿನ ಮುಚ್ಚಳ ತೆಗೆದು, ಮಗ್ಗುಲಾಗಿ ನಿಲ್ಲಿಸಿ ಸ್ವಿಚ್ ಹಾಕಿದ್ದ. ಎಡಗೈ ಜೇಬಿನಲ್ಲಿತ್ತು.

“ಕಣ್ಣು ಕಟ್ಕೋತೀನಿ,” ಎಂದ. “ನೀವೇ ಕೇಬಲ್ ಬದಲಾಯಿಸಿ. ಯಾವುದು ಯಾವಾಗ ಅಂತ ಪ್ರತಿ ಸಲ ಹೇಳ್ತೀನಿ. ಒಂದು ತಪ್ಪಿದ್ರೂ ಈ ಅಂಗಡಿಗೆ ಬೀಗ.” ತಾನೇ ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ಕೂತ.

ಎರಡಕ್ಕೂ ಒಂದೇ ಸ್ಪೀಕರ್. ಸ್ಟುಡಿಯೋದಾಕೆ ಮೊದಲು ಕೇಬಲ್ಲನ್ನು ಡಬ್ಬಿಗೆ ಚುಚ್ಚಿದಳು. ತಮ್ಮ ನುಡಿಸಿದ.

“ಇದು ವಾಲ್ವು,” ಎಂದ ಅಣ್ಣ, ಗೋಡೆಗೆ. “ನೋಡಿ, ಹೇಗೆ ಬೆಚ್ಚಗಿದೆ.”

ತಮ್ಮ ತಂತಿಗಳ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿದ. ಆಕೆ ಕೇಬಲ್ಲನ್ನು ಪ್ರಿಆಂಪಿಗೆ ಬದಲಾಯಿಸಿದಳು. ವರ್ಷವಿಡೀ ವ್ಯಾನಿನಲ್ಲಿ ಕುಲುಕಿ, ವೇದಿಕೆಯ ಮೇಲೆ ಸುಮ್ಮನೆ ಉರಿದು ಸವೆದ ವಾಲ್ವುಗಳು. ಬೆರಳಿಗೆ ಅದು ಈಗಲೂ ಹಿತವಾಗಿತ್ತು, ಮೆಲ್ಲಗೆ ಮೀಟಿದರೆ ಮೆತ್ತಗೆ, ಜೋರಾಗಿ ಮೀಟಿದರೆ ತಿರುಗಿ ಒದ್ದಂತೆ. ಕಿವಿಗೆ ಮಾತ್ರ ಮಂಕು.

“ಥೂ,” ಎಂದ ಅಣ್ಣ. “ಇದು ಡಬ್ಬಿ. ಹೆಣಕ್ಕೆ ಪೌಡರ್ ಹಚ್ಚಿದ ಹಾಗಿದೆ.”

ತಮ್ಮನಿಗೆ ಎಲ್ಲ ಅರ್ಥವಾಯಿತು. ಅಣ್ಣ ಗಿಟಾರ್ ನುಡಿಸುವವನಲ್ಲ, ಕೇಳುವವನು. ವರ್ಷದಿಂದ ವಾಲ್ವು ಎಂದು ಅವನು ಕೇಳಿದ್ದು ಡಬ್ಬಿಯನ್ನೇ. ಅವನ ಕಿವಿಯಲ್ಲಿ ವಾಲ್ವು ಎಂದರೆ ಈಗ ಡಬ್ಬಿ. ತಮ್ಮ ಸದ್ದನ್ನು ಕೆಡಿಸಲು ನೋಡಿದ, ತಂತಿಯನ್ನು ಒರಟಾಗಿ ಕೆರೆದ, ಡಬ್ಬಿಯಲ್ಲಿ ಬೇಕೆಂದೇ ಅಪಸ್ವರ ಹಾಕಿದ. ಅಣ್ಣ ಮೋಸಹೋಗಲಿಲ್ಲ. ಒಂದೊಂದು ಸಲವೂ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದ, ಒಂದೊಂದು ಸಲವೂ ಹೆಸರು ತಿರುವುಮುರುವು ಹೇಳಿದ.

ಟವೆಲ್ ಬಿಚ್ಚಿ ತಿರುಗಿದಾಗ ಅವನ ಮುಖ ಹಬ್ಬದ ಹಾಗಿತ್ತು.

“ನಿಮ್ಮ ಕಿವಿಗೆ ಕೈ ಮುಗೀಬೇಕು,” ಎಂದಳು ಆಕೆ, ನಿಜವಾದ ಬೆರಗಿನಿಂದಲೇ. “ಒಂದು ಸಲವೂ ಗುರುತು ತಪ್ಪಲಿಲ್ಲ. ಆದ್ರೆ ಹೆಸರು ಅದಲು ಬದಲು. ನೀವು ಹೊಗಳಿದ್ದೆಲ್ಲ ಮಾಡೆಲರ್. ಹೆಣ ಅಂದಿದ್ದು ನಿಮ್ಮದೇ ಪ್ರಿಆಂಪು.” ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಹಾಲ್‌ನಲ್ಲಿ ನಾನು ಕೇಳಿ ಮೆಚ್ಚಿದ್ದೂ ಇದೇ ಸದ್ದು. ಅಲ್ಲೂ ಇದನ್ನೇ ನುಡಿಸಿದ್ದಲ್ವಾ?” ಎಂದು ತಮ್ಮನ ಕಡೆ ತಿರುಗಿದಳು.

ಅಣ್ಣನ ಮುಖವನ್ನು ತಮ್ಮ ನೋಡಲಿಲ್ಲ. ಜೇಬು ನೋಡಿದ. ಖಾಲಿಯಾಗಿತ್ತು.

ಮೊದಲ ಏಟಿಗೆ ಬಲಗಿವಿಯ ಸಿಳ್ಳೆ ಕಿರುಚಾಟವಾಯಿತು. ಎರಡನೆಯದು ಮೂಗಿಗೆ. ಬಾಯಿಗೆ ಉಪ್ಪುಪ್ಪು ರಕ್ತ ಇಳಿಯಿತು. ಗಿಟಾರ್ ನೆಲಕ್ಕೆ ಬಿದ್ದು ಸ್ಪೀಕರಿನಲ್ಲಿ ಭೋರೆಂದಿತು. “ಎಷ್ಟು ದಿನದಿಂದ? ಎಷ್ಟು ದಿನದಿಂದ ಊರ ಮುಂದೆ ನನ್ನ ಕೋತಿ ಮಾಡಿದ್ದೀಯ?” ಕೂದಲು ಹಿಡಿದು ಕಪಾಟಿಗೆ ಗುದ್ದಿದ. ಗಾಜಿನ ವಾಲ್ವುಗಳು ಉದುರಿ ಪಟಪಟ ಒಡೆದವು. ಸ್ಟುಡಿಯೋದಾಕೆ ಅಣ್ಣನ ಅಂಗಿ ಹಿಡಿದು ಎಳೆದಳು. ಮೊಣಕೈಯ ತಿವಿತಕ್ಕೆ ಬಾಗಿಲಿಗೆ ಹೋಗಿ ಬಿದ್ದು, ಎದ್ದು, ಅತ್ತಿಗೆಯನ್ನು ಕೂಗುತ್ತ ಮನೆಯ ಕಡೆ ಓಡಿದಳು.

“ಬೇಡ ಅಣ್ಣ. ಕೈ ಒಂದು ಬಿಡು. ಬೇರೆ ಎಲ್ಲಾದ್ರೂ ಹೊಡಿ.”

ಅಣ್ಣ ಅವನ ಎಡಗೈಯನ್ನು ವೈಸಿನ ದವಡೆಯೊಳಗೆ ತುರುಕಿ ಹಿಡಿಕೆ ತಿರುಗಿಸಿದ. ಕಿರುಬೆರಳು ಮತ್ತು ಉಂಗುರದ ಬೆರಳು ಸಿಕ್ಕಿಕೊಂಡವು. ಇನ್ನೊಂದು ಸುತ್ತು. ಮೂಳೆ ಲಟಕ್ಕೆಂದದ್ದು ತಮ್ಮನ ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಯಿತು. ಅವನು ಅರಚಿದ, ಬೇಡಿಕೊಂಡ, ಉಚ್ಚೆ ಹೊಯ್ದುಕೊಂಡ. ಸಂಕಟದ ನಡುವೆಯೂ ನಾಚಿಕೆಯಾಯಿತು ಅವನಿಗೆ.

ಆಗ ಅಣ್ಣನ ಕಣ್ಣು ಮಗ್ಗುಲಾಗಿ ನಿಂತು ಉರಿಯುತ್ತಿದ್ದ ಪ್ರಿಆಂಪಿನ ಮೇಲೆ ಬಿತ್ತು. “ನನ್ನ ಪೆಟ್ಟಿಗೆ ಹೆಣ ಆಗಕ್ಕೆ ಸಾಧ್ಯಾನೇ ಇಲ್ಲ. ನೀನೇ ಏನೋ ಕಿತ್ತಿದ್ದೀಯ ಇದರಲ್ಲಿ. ಎಲ್ಲಿ ಕೈ ಹಾಕಿದ್ದೀಯ? ತೋರಿಸ್ತೀನಿ ಇರು!” ಎನ್ನುತ್ತ ಎಡಗೈಯಲ್ಲಿ ಅದರ ತಗಡನ್ನು ಹಿಡಿದು ಬಲಗೈಯನ್ನು ಒಳಗೆ ತೂರಿಸಿದ.

ಜೀವಮಾನದಲ್ಲಿ ಮೊದಲ ಸಲ ಎರಡೂ ಕೈ.

ಮಾತು ಅರ್ಧಕ್ಕೆ ನಿಂತಿತು. ಸ್ಪೀಕರ್ ಗುರ್ರೆಂದಿತು. ಅಣ್ಣನ ಕುತ್ತಿಗೆಯ ನರಗಳು ಹಗ್ಗವಾದವು, ದವಡೆ ಕಚ್ಚಿಕೊಂಡಿತು, ತೆರೆದ ಕಣ್ಣು ತೆರೆದಂತೆಯೇ ತಮ್ಮನನ್ನು ನೋಡುತ್ತಿತ್ತು. ಸ್ವಿಚ್ಚು ಆ ಕಡೆಯ ಗೋಡೆಯಲ್ಲಿ. ತಮ್ಮನ ಕೈ ವೈಸಿನಲ್ಲಿ. ಬಲಗೈ ಚಾಚಿದರೆ ಅಣ್ಣನ ಅಂಗಿ ಸಿಗುತ್ತಿತ್ತು, ಆದರೆ ಕರೆಂಟು ಹಿಡಿದವನನ್ನು ಮುಟ್ಟಿ ಎಳೆಯಬಾರದು, ಒದ್ದು ಬಿಡಿಸಬೇಕು. ಇದನ್ನೂ ಕಲಿಸಿದ್ದವನು ಅಣ್ಣನೇ.

ತಮ್ಮನ ಕಾಲಲ್ಲಿ ರಬ್ಬರ್ ಅಡಿಯ ಬೂಟು ಇತ್ತು. ವೈಸಿಗೆ ಜೋತುಬಿದ್ದು, ಬೆರಳು ಕಿತ್ತು ಬರುವಷ್ಟು ಬಲ ಹಾಕಿ ಅಣ್ಣನ ಸೊಂಟಕ್ಕೆ ಒದ್ದ. ಅಣ್ಣ ಪೆಟ್ಟಿಗೆಯಿಂದ ಬಿಡಿಸಿಕೊಂಡು ಒಡೆದ ಗಾಜಿನ ಮೇಲೆ, ತಮ್ಮನ ಕಾಲಳತೆಯಲ್ಲೇ ಅಂಗಾತ ಬಿದ್ದ.

ಗಂಟಲಲ್ಲಿ ಗೊರಗೊರ ಸದ್ದಾಗಿ ಉಸಿರು ಬಂತು. ಬದುಕಿದ್ದ. ತಮ್ಮನಿಗೆ ಅಳು ಬಂತು, ಸಂತೋಷಕ್ಕೇ ಬಂತು. ಅಷ್ಟರಲ್ಲಿ ಅಣ್ಣನ ಎಡಗೈ ನಡುಗುತ್ತ ನೆಲದಿಂದ ಮೇಲೆದ್ದು ಅವನ ಕಡೆಗೆ ಬಂತು.

ತಮ್ಮ ಮತ್ತೆ ಒದ್ದ. ಈ ಸಲ ಎದೆಗೂಡಿಗೆ, ಮೊದಲಿಗಿಂತ ಜೋರಾಗಿ. ಪಕ್ಕೆಲುಬು ಮುರಿದದ್ದು ಬೂಟಿನ ಅಡಿಗೆ ತಿಳಿಯಿತು. ಓಡಿ ಬಂದು ಬಾಗಿಲಲ್ಲಿ ನಿಂತ ಅತ್ತಿಗೆ ಕಂಡದ್ದು ಅದೊಂದನ್ನೇ.

“ಅಯ್ಯೋ ಪಾಪಿ, ಕೊಂದ್‌ಬಿಟ್ಯೇನೋ!” ಎಂದು ಬಾಯಿ ಬಡಿದುಕೊಂಡಳು. ಆಮೇಲೆ ವೈಸಿನಲ್ಲಿದ್ದ ಕೈ ಕಂಡಿತು. ಹಿಡಿಕೆ ತಿರುಗಿಸಿ ಬಿಡಿಸಿದಳು.

ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಅಣ್ಣನ ಎರಡೂ ಅಂಗೈ ಸುಟ್ಟಿದ್ದವು, ಎದೆಗೆ ಪಟ್ಟಿ. ತಮ್ಮನ ಉಂಗುರದ ಬೆರಳು ಕೂಡಿಕೊಳ್ಳುತ್ತದೆ, ಕಿರುಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಒದೆಯದಿದ್ದರೆ ನಿಮ್ಮ ಗಂಡ ಉಳಿಯುತ್ತಿರಲಿಲ್ಲ ಎಂದು ಅತ್ತಿಗೆಗೂ ಹೇಳಿದರು. ಎಷ್ಟು ಒದೆ ಎಂದು ಯಾರೂ ಕೇಳಲಿಲ್ಲ.

ಅತ್ತಿಗೆ ಹೊರಗೆ ಹೋದಾಗ ಅಣ್ಣ ಸೂರನ್ನು ನೋಡುತ್ತ ಹೇಳಿದ: “ಎರಡನೇ ಸಲ ಒದ್ದೆಯಲ್ಲ. ಆಗ ನಾನು ಕೈ ಎತ್ತಿದ್ದು ನೀರು ಕೇಳಕ್ಕೆ ಕಣೋ.”

ತಮ್ಮ ಪಟ್ಟಿ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡ. ಸಿಟ್ಟು ಇರಲಿಲ್ಲ, ದುಃಖ ಮಾತ್ರ ಇತ್ತು.

“ನಂಗೆ ಹೇಗೆ ಗೊತ್ತಾಗ್ಬೇಕು ಅಣ್ಣ? ಆ ಕೈ ನೀರು ಕೇಳಿದ್ದು ನಾನು ಯಾವತ್ತೂ ನೋಡಿಲ್ಲ.”

ಅಣ್ಣ ಮುಖ ಆಚೆಗೆ ತಿರುಗಿಸಿಕೊಂಡ.

ತಮ್ಮ ಬೇರೆ ಮನೆ ಮಾಡಿದ. ತಂತಿ ಒತ್ತಲು ಉಳಿದ ಮೂರು ಬೆರಳಲ್ಲೇ ಆ ಆಲ್ಬಮ್ ನುಡಿಸಿದ, ಡಬ್ಬಿಯಲ್ಲಿ. ಅಣ್ಣ ಅಂಗಡಿಗೆ ಬೀಗ ಹಾಕಲಿಲ್ಲ, ಹೊಸ ವಾಲ್ವು ಕೂರಿಸಿ ಕೂತ. ಅತ್ತಿಗೆ ಕರೆದಾಗಲೆಲ್ಲ ತಮ್ಮ ಊಟಕ್ಕೆ ಹೋಗುತ್ತಾನೆ. ಅಣ್ಣ ಅವನ ಎದುರು ನಿಂತು ಸದ್ದಿನ ಬಗ್ಗೆ, ಸ್ಪೀಕರಿನ ಬಗ್ಗೆ ಎಲ್ಲ ಮಾತಾಡುತ್ತಾನೆ. ಮಾತು ಶುರುಮಾಡುವ ಮೊದಲು ಎಡಗೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ, ತಮ್ಮ ಹೊರಡುವ ತನಕ ತೆಗೆಯುವುದಿಲ್ಲ.