ಬೆರಳಿಗೆ ಸಿಗದ ಚುಕ್ಕಿ

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಹನಿ ಬಿಟ್ಟು, ಹತ್ತಿಯಲ್ಲಿ ಒರೆಸಿ, ಆಮೇಲೆ ಹೇಳಿದರು: "ಇನ್ನು ಐದಾರು ಗಂಟೆ ಹತ್ತಿರದ್ದೇನೂ ಸರಿಯಾಗಿ ಕಾಣೋದಿಲ್ಲ. ಮನೆಗೆ ಹೋಗಿ ಮಲಗಿ."

ಹನಿ ಬಿಡುವ ಮೊದಲೇ ಹೇಳಬಾರದಿತ್ತೇ! ತಲೆನೋವು ತಡೆಯಲಾರದೆ, ಮೂರು ಸಲ ಮುಂದೂಡಿ, ಅರ್ಧ ಗಂಟೆಯ ಕೆಲಸವೆಂದು ಬಂದಿದ್ದಳು. ಈಗ ಗಂಟೆ ಹನ್ನೆರಡು. ನಾಲ್ಕಕ್ಕೆ ಪರೀಕ್ಷಾ ಮಂಡಳಿಯ ವ್ಯಾನು ಬರುತ್ತದೆ.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವಳ ಬ್ರೈಲ್ ಮುದ್ರಣಾಲಯ. ಇರುವವರು ಮೂರೇ ಜನ. ಅವಳೇ ಯಜಮಾನಿ, ಅವಳೇ ಜವಾನ. ನಾಳೆ ಬೆಳಿಗ್ಗೆ ಹತ್ತಕ್ಕೆ, ಕಣ್ಣು ಕಾಣದ ಹದಿನಾಲ್ಕು ಮಕ್ಕಳು ಗಣಿತದ ಪರೀಕ್ಷೆಗೆ ಕೂರುತ್ತಾರೆ. ಒಬ್ಬೊಬ್ಬರಿಗೆ ಹದಿನಾರು ಪುಟದ ಪ್ರಶ್ನೆಪತ್ರಿಕೆ. ಹೋದ ವರ್ಷ ಒಬ್ಬ ಹುಡುಗಿಗೆ ಹನ್ನೊಂದನೇ ಪುಟ ಎರಡು ಸಲ ಬಂದು, ಹನ್ನೆರಡನೆಯದು ಬಂದೇ ಇರಲಿಲ್ಲ. ಆ ಹುಡುಗಿಯ ತಾಯಿ ಬಾಗಿಲಲ್ಲಿ ಬಂದು ನಿಂತವಳು ಬೈಯಲಿಲ್ಲ, ಕೂಗಲಿಲ್ಲ, ಸುಮ್ಮನೆ ಹೊಸ್ತಿಲು ನೋಡುತ್ತಾ ನಿಂತಿದ್ದಳು. ಬೈದಿದ್ದರೆ ಮರೆತಾದರೂ ಹೋಗುತ್ತಿತ್ತು.

ಅಂದಿನಿಂದ ಪ್ರತಿ ಹಾಳೆಯನ್ನೂ ಯಜಮಾನಿಯೇ ಕೊನೆಗೆ ನೋಡುತ್ತಾಳೆ. ಅವಳು ಓದುವುದು ಕಣ್ಣಿನಿಂದ. ಹಾಳೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರೆ ಉಬ್ಬಿದ ಚುಕ್ಕಿಗಳ ನೆರಳು ಬೀಳುತ್ತದೆ. ಆ ನೆರಳನ್ನು ಓದುತ್ತಾಳೆ. ಮನೆಯಲ್ಲೂ ಅದೇ ಕಥೆ. ಮಗಳು ತಾನೇ ಜಡೆ ಹೆಣೆದುಕೊಂಡರೆ ಇವಳು ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಅವಳ ತಾಯಿ ದಿನಕ್ಕೆರಡು ಬಾರಿ ಹೇಳುತ್ತಿದ್ದಳು.

ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದವಳನ್ನು ಮೊದಲು ಕಂಡದ್ದು ಮೌನಿ. ಯಂತ್ರ ನಡೆಸುವ ಹೆಂಗಸು. ಬಾಯಿ ಒಂದು ಗಳಿಗೆಯೂ ಮುಚ್ಚದ ಕಾರಣ ಆ ಹೆಸರು.

"ಅಯ್ಯೋ ಅಕ್ಕಾ, ಇದೇನು ಗೂಬೆ ಕಣ್ಣು! ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನಮ್ಮನ್ನ ಕಾಯ್ತಿದ್ರಿ. ಇವತ್ತು ಡಾಕ್ಟರು ಔಷಧಿನೇ ಬಿಟ್ಟು ಕಳಿಸಿದ್ರಾ?"

"ನಗಬೇಡ ಕಣೇ. ನನಗೆ ಏನೂ ಕಾಣ್ತಾ ಇಲ್ಲ."

ಒಳಕೋಣೆಯಿಂದ ಬೆರಳಣ್ಣ ಕೆಮ್ಮಿದ. ಹುಟ್ಟುಗುರುಡ, ಐವತ್ತು ದಾಟಿದ ಆತನೇ ಕರಡು ಓದುವವನು. "ನಮ್ಮ ಕೇರಿಗೆ ಸ್ವಾಗತ, ಅಮ್ಮಾ" ಎಂದ.

ಅವಳಿಗೆ ನಗು ಬರಲಿಲ್ಲ. "ನೀವು ಓದಿ ಮುಗಿಸಿದ್ರಾ?"

"ಎಂಟನೇ ಪುಟದ ತನಕ."

"ಮಿಕ್ಕಿದ್ದು?"

ಬೆರಳಣ್ಣ ಮೇಜಿನ ಅಂಚನ್ನು ಸವರಿದ. "ಹೇಗೂ ನೀವು ನೋಡ್ತೀರಲ್ಲ ಅಂತ ಸುಮ್ನೆ ಬೆರಳಾಡಿಸಿ ಬಿಟ್ಟಿದ್ದೆ."

"ಇದು ಎಷ್ಟು ದಿನದಿಂದ?"

"ನೀವು ಎಲ್ಲಾನೂ ಮತ್ತೆ ಓದೋಕೆ ಶುರು ಮಾಡಿದಾಗಿನಿಂದ. ಎಡಗಡೆ ಅಂಚಲ್ಲಿ ಚುಕ್ಕಿ ಏಳ್ತಾ ಇಲ್ಲ ಅಂತ ಮೂರು ಸಲ ಹೇಳಿದೆ. ನೀವು ದೀಪಕ್ಕೆ ಹಿಡಿದು ಸರಿಯಾಗಿದೆ ಅಂದ್ರಿ. ಯಜಮಾನಿ ಸರಿ ಅಂದ ಮೇಲೆ ನನ್ನ ಬೆರಳಿಗೇನು ಬೆಲೆ?"

ಅವಳಿಗೆ ಅದು ನೆನಪಿತ್ತು. ನೆರಳು ಬಿದ್ದಿತ್ತು, ಅದಕ್ಕೇ ಸರಿ ಎಂದಿದ್ದಳು. ಎಷ್ಟು ಸಣ್ಣ ಉಬ್ಬಾದರೂ ನೆರಳು ಬೀಳುತ್ತದೆ. ಬೆರಳಿಗೆ ಸಿಗಬೇಕೆಂದು ಎಲ್ಲಿದೆ? ಇನ್ನೂರಿಪ್ಪತ್ತನಾಲ್ಕು ಹಾಳೆ. ಎಂಟನೇ ಪುಟದಿಂದಾಚೆಗೆ ಒಂದನ್ನೂ ಯಾರೂ ನಿಜವಾಗಿ ನೋಡಿಲ್ಲವೇ?

"ಓದಿ. ಇವತ್ತು ನೋಡೋದು ನೀವೊಬ್ರೇ. ನಿಮ್ಮ ಹಿಂದೆ ಯಾರೂ ಇಲ್ಲ" ಎಂದಳು.

ಬೆರಳಣ್ಣ ನೆಟ್ಟಗೆ ಕುಳಿತ. ಕಟ್ಟುಗಳನ್ನು ಒಂದೊಂದಾಗಿ ಎಳೆದುಕೊಂಡ. ಎರಡು ಗಂಟೆಯ ಹೊತ್ತಿಗೆ ತೀರ್ಪು ಬಂತು: ಹನ್ನೊಂದು, ಹನ್ನೆರಡನೇ ಪುಟಗಳು ಹದಿನಾಲ್ಕು ಪ್ರತಿಯಲ್ಲೂ ಎಡಕ್ಕೆ ಸಪಾಟು. ಲೆಕ್ಕದಲ್ಲಿ ಮೊದಲ ಅಂಕಿಯೇ ಇಲ್ಲ.

"ಯಂತ್ರ ಕಾದ್ರೆ ಆ ಕಡೆ ಚುಕ್ಕಿ ಒತ್ತೋ ಮೊಳೆ ಕೂತ್ಬಿಡುತ್ತೆ ಅಕ್ಕಾ. ನಿಧಾನ ಮಾಡಿದ್ರೆ ಏಳುತ್ತೆ" ಎಂದಳು ಮೌನಿ.

"ಗೊತ್ತಿದ್ದೂ ಮಾಡ್ಲಿಲ್ವಾ?"

"ವೇಗದ ಗುಂಡಿ ಮುಟ್ಟಿದ್ರೆ ಕೈ ಮುರೀತೀನಿ ಅಂದೋರು ನೀವೇ."

"ಮುಟ್ಟು ಮಾರಾಯ್ತಿ. ನಿನಗೆ ಹೇಗೆ ಸರಿಯೋ ಹಾಗೆ ಮಾಡು."

ಇಪ್ಪತ್ತೆಂಟು ಹಾಳೆ ಮತ್ತೆ ಒತ್ತಬೇಕು. ಯಂತ್ರ ಬಸುರಿಯಂತೆ ನಿಧಾನವಾಗಿ ನಡೆಯತೊಡಗಿತು. ಅವಳು ಕುಳಿತಳು, ಎದ್ದಳು, ಗಡಿಯಾರದ ಬುಡಕ್ಕೆ ಹೋಗಿ ಮುಖ ಎತ್ತಿ ನಿಂತಳು, ಮುಳ್ಳು ಕಾಣದೆ ಮೌನಿಯನ್ನು ಗಂಟೆ ಕೇಳಿದಳು. ಮೂರನೇ ಸಲ ಕೇಳಿದಾಗ ಮೌನಿ, "ನೀವು ಕೇಳಿದಷ್ಟು ಸಲ ಗಂಟೆ ಮುಂದೆ ಹೋಗಿದ್ರೆ ನಾಳೆನೇ ಆಗ್ತಿತ್ತು" ಎಂದಳು.

ಕೈಕಟ್ಟಿ ಕೂರುವುದು ಅವಳಿಂದಾಗದು. ಪುಟ ಜೋಡಿಸುವುದಕ್ಕೆ ಕಣ್ಣೇಕೆ ಎಂದುಕೊಂಡು, ಒತ್ತಿ ಬಂದ ಹಾಳೆಗಳನ್ನು ಎತ್ತಿ ಎತ್ತಿ ಕಟ್ಟುಗಳಲ್ಲಿ ಸೇರಿಸಿದಳು. ಕೈಗೆ ಕೆಲಸ ಸಿಕ್ಕಿದ್ದೇ ಎದೆಬಡಿತ ಸ್ವಲ್ಪ ಇಳಿಯಿತು.

ಮೂರೂಕಾಲಿಗೆ ಬೆರಳಣ್ಣ ಮೂರನೇ ಕಟ್ಟಿನ ಹನ್ನೆರಡನೇ ಪುಟದ ಮೇಲೆ ಬೆರಳಿಟ್ಟವನು ಅಲ್ಲೇ ನಿಂತ.

"ಇದು ಹಳೇದು. ಯಾರು ಸೇರಿಸಿದ್ದು?"

ಮೌನಿ ಹೆಸರಿಗೆ ತಕ್ಕ ಹಾಗೆ ಸುಮ್ಮನಾದಳು. ಯಜಮಾನಿಗೆ ಕಿವಿಯವರೆಗೂ ಬಿಸಿಯೇರಿತು. ಒಂದೇ ಮೇಜಿನ ಮೇಲೆ ಹಳೆಯದು, ಹೊಸದು ಎಂದು ಎರಡು ರಾಶಿ ಇದ್ದವು.

"ನಾನು."

"ಎಷ್ಟು ಕಟ್ಟಿಗೆ?"

"ಗೊತ್ತಿಲ್ಲ."

ಹದಿನಾಲ್ಕನ್ನೂ ಬಿಚ್ಚಿ ಮತ್ತೆ ತಡವಬೇಕು. ಬೆರಳಣ್ಣ ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ: "ಅಮ್ಮಾ, ಒಂದು ಕೆಲಸ ಮಾಡ್ತೀರಾ? ಆ ವ್ಯಾನಿನವನು ಎರಡು ಸಲ ಹಾರನ್ ಹೊಡೆದು ಹೊರಟ್ಬಿಡ್ತಾನೆ. ಕೆಳಗೆ ಹೋಗಿ ಅವನನ್ನ ಹಿಡ್ಕೊಳ್ಳಿ. ನಾವು ಕರೆಯೋ ತನಕ ಮೇಲೆ ಬರ್ಬೇಡಿ."

ತನ್ನ ಮುದ್ರಣಾಲಯದಿಂದ ತಾನೇ ಹೊರಬಿದ್ದು ಅವಳು ಸೈಕಲ್ ಅಂಗಡಿಯ ಮುಂದೆ ನಿಂತಳು. ಬಿಸಿಲಿಗೆ ಕಣ್ಣಲ್ಲಿ ನೀರು. ಮೇಲೆ ಯಂತ್ರದ ಸದ್ದು ನಿಂತಿತು. ಮುಗಿಯಿತೋ, ಕೆಟ್ಟಿತೋ? ಬೆರಳು ಓದುವುದು ಯಾರಿಗೂ ಕೇಳಿಸುವುದಿಲ್ಲ.

ವ್ಯಾನು ಸರಿಯಾಗಿ ನಾಲ್ಕಕ್ಕೆ ಬಂತು. "ಪಾರ್ಸಲ್ ಎಲ್ಲಿ?" ಎಂದ ಡ್ರೈವರು.

"ಹತ್ತೇ ನಿಮಿಷ."

"ಹತ್ತು ನಿಮಿಷ ಅಂದೋರನ್ನ ನಾನು ಬಹಳ ಕಂಡಿದೀನಿ. ಇನ್ನೂ ಮೂರು ಕಡೆ ಹೋಗ್ಬೇಕು." ಎಂಜಿನ್ ಗುರುಗುಟ್ಟಿತು.

ಅವಳು ತಡಕಾಡಿ ಬಾಗಿಲು ತೆರೆದು, ಅವನ ಪಕ್ಕದ ಸೀಟಿನಲ್ಲಿ ಹತ್ತಿ ಕೂತೇಬಿಟ್ಟಳು. "ಹೊರಡಿ. ನನ್ನನ್ನೂ ಕರ್ಕೊಂಡು ಹೊರಡಿ. ಮೇಲಧಿಕಾರಿಗೆ ನೀವೇ ಹೇಳಿ, ಪಾರ್ಸಲ್ ಬದಲು ಇವಳನ್ನ ತಂದೆ ಅಂತ."

"ಒಳ್ಳೆ ಗ್ರಹಚಾರ ತಗಲಿಕೊಳ್ತಲ್ಲಪ್ಪಾ!" ಎಂದು ಅವನು ಎಂಜಿನ್ ಆರಿಸಿದ.

ನಾಲ್ಕೂ ಹದಿನೇಳಕ್ಕೆ ಮೌನಿ ಏದುಸಿರು ಬಿಡುತ್ತಾ ಮೊಹರು ಹಾಕಿದ ಪೊಟ್ಟಣ ತಂದಳು. ಜೊತೆಗೆ ಚೀಟಿ: 'ಪರಿಶೀಲಿಸಿದವರ ಸಹಿ.' ಅಭ್ಯಾಸಬಲದಿಂದ ಯಜಮಾನಿ ಪೆನ್ನು ತೆಗೆದಳು. ಮತ್ತೆ ಮುಚ್ಚಿದಳು.

"ನೋಡಿದ್ದು ನಾನಲ್ಲ. ಅವರ ಹತ್ರ ಹಾಕಿಸ್ಕೊಂಡು ಬಾ."

ಮೌನಿ ಮತ್ತೆ ಹತ್ತಿ ಇಳಿದಳು. ಚೀಟಿ ನೋಡಿದ ಡ್ರೈವರು ಹುಬ್ಬು ಗಂಟಿಕ್ಕಿದ. "ಖಾಲಿ ಇದೆಯಲ್ರೀ!"

"ಖಾಲಿ ಇಲ್ಲ" ಎಂದು ಯಜಮಾನಿ ಅವನ ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟಳು. ಅಲ್ಲಿ ಸಣ್ಣಗೆ, ಗಟ್ಟಿಯಾಗಿ, ಬೆರಳಣ್ಣನ ಹೆಸರು ಎದ್ದಿತ್ತು.

ಅವಳು ಇಳಿದಳು. ವ್ಯಾನು ಹೊರಟಿತು. ಆ ಕ್ಷಣಕ್ಕೇ ಒಂದು ಕಟ್ಟು, ಒಂದೇ ಒಂದು, ತಪ್ಪಿಹೋಗಿದ್ದರೆ ಎಂಬ ಭಯ ಎದೆಗೆ ಒದ್ದು, ನಿಲ್ಲಿಸಿ ಎನ್ನಲು ಅವಳ ಕೈ ಮೇಲೆದ್ದಿತು. ಟಾಟಾ ಮಾಡುತ್ತಿದ್ದಾಳೆಂದುಕೊಂಡು ಡ್ರೈವರು ಕಿಟಕಿಯಿಂದ ಕೈಬೀಸಿ ತಿರುವಿನಲ್ಲಿ ಮರೆಯಾದ.

"ಹೋಯ್ತಾ ಅಮ್ಮಾ?" ಮೇಲಿನ ಕಿಟಕಿಯಿಂದ ಬೆರಳಣ್ಣ ಕೇಳಿದ. ಅವನ ದನಿಯೂ ಸ್ವಲ್ಪ ನಡುಗುತ್ತಿತ್ತು.

"ಹೋಯ್ತು" ಎಂದು ಅವಳು ಎತ್ತಿದ ಕೈಯನ್ನು ಇಳಿಸಿದಳು.